ಎಣ್ಣಿ ಹೊಡೆಯುವ ಪೈಲಟ್

ಮಸ್ಕಿಯ ವೀರೇಂದ್ರ ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಿದರೆ ಯಾರೂ ನಂಬುವುದಿಲ್ಲ. ಮದುವೆಮನೆಯಲ್ಲಿ ಸೋಡಾ ಕೊಟ್ಟರೂ ಮೂಗು ಹಿಡಿದುಕೊಂಡು ಎರಡು ಗುಟುಕು ಕುಡಿದು, ಕಣ್ಣಲ್ಲಿ ನೀರು ತಂದುಕೊಂಡು, ಬಾಟಲಿಯನ್ನು ಪಕ್ಕದವರಿಗೆ ದಾಟಿಸುವ ಆಸಾಮಿ ಅವನು. ಹಾಗಂತ ಅವನಲ್ಲಿ ದೋಷವೇ ಇರಲಿಲ್ಲ ಎಂದಲ್ಲ. ಹಿಡಿದ ಕೆಲಸ ಮುಗಿಸುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ.

ಕನ್ನಡ ಟೈಪಿಂಗ್ ಕಲಿಯಲು ಹೋಗಿ ಒತ್ತಕ್ಷರ ಬರುವ ಹೊತ್ತಿಗೆ ಬಿಟ್ಟ. ಸೋಲಾರ್ ಕಂಪನಿಯ ಏಜೆಂಟನಾಗಿ ಮೊದಲ ಮೋಡ ಕಂಡ ದಿನ ಬಿಟ್ಟ. ಮನೆಗೆ ಕಾಂಪೌಂಡ್ ಕಟ್ಟಿಸಲು ಹಿಡಿದು, ಮೊದಲು ಗೇಟು ನಿಲ್ಲಿಸಿ, ಗೋಡೆಯನ್ನು ಅಷ್ಟಕ್ಕೇ ಬಿಟ್ಟ. ಹೀಗಾಗಿ ಅವನ ಮನೆಯ ಮುಂದೆ ನೀಲಿ ಬಣ್ಣದ ಗೇಟೊಂದು ಒಂಟಿಯಾಗಿ ನಿಂತಿತ್ತು. ಊರ ಎಮ್ಮೆಗಳು ಅದರ ಎಡಕ್ಕೂ ಬಲಕ್ಕೂ ಓಡಾಡುತ್ತಿದ್ದವು. ಪಕ್ಕದ ಮನೆಯ ರಾಜಾಬೀ ಒಬ್ಬಳೇ ಮರ್ಯಾದೆಯಿಂದ ಗೇಟು ತೆಗೆದು ಒಳಗೆ ಬಂದು, ಮತ್ತೆ ಹಾಕಿಕೊಂಡು ಹೋಗುತ್ತಿದ್ದಳು.

ಈ ಗೇಟಿನ ಸಲುವಾಗಿಯೇ ಅವನ ಹೆಂಡತಿ ಭಾಗ್ಯಶ್ರೀ ತವರಿಗೆ ಹೋದದ್ದು. "ಬೀಗ ಹಾಕ್ಕೊಂಡು ಬಾ" ಎಂದು ಗಂಡ ಅಂದ ಒಂದು ಮಾತಿಗೆ ಅವಳ ತಾಳ್ಮೆ ಕಟ್ಟೊಡೆಯಿತು.

"ಗ್ವಾಡಿ ಇಲ್ಲದ ಗೇಟಿಗೆ ಬೀಗ ಹಾಕ್ಲೇನು? ನಿನಗ ಬುದ್ಧಿ ಐತೋ ಇಲ್ಲೋ? ಒಂದ, ಒಂದೇ ಒಂದು ಕೆಲಸ ಮೊದಲಿಂದ ಕಡೀತನಾ ಮುಗಿಸಿ ತೋರಿಸು. ಅವತ್ತ ನಾನಾಗೇ ಬರ್ತೀನಿ. ಅಲ್ಲೀತನಾ ಲಿಂಗಸುಗೂರಾಗ ಇರ್ತೀನಿ."

ಹೋದಳು. ವೀರೇಂದ್ರನಿಗೆ ಹೆಂಡತಿ ಎಂದರೆ ಪ್ರಾಣ. ಅವಳಿಲ್ಲದ ಮನೆಯಲ್ಲಿ ಅವನು ಅನ್ನ ಮಾಡಲು ಇಟ್ಟು ಅದನ್ನೂ ಅರ್ಧಕ್ಕೇ ಬಿಟ್ಟು, ಕೂಡಲಾರದೆ ನಿಲ್ಲಲಾರದೆ ಒದ್ದಾಡಿದ. ಕೊನೆಗೆ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಸಿಂಧನೂರಿನಲ್ಲಿ ಡ್ರೋನ್ ಪೈಲಟ್ ತರಬೇತಿ, ಪಾಸಾದವರಿಗೆ ಸರಕಾರ ಒಪ್ಪಿದ ಸರ್ಟಿಫಿಕೇಟ್, ಕಾಲುವೆ ಸೀಮೆಯ ಗದ್ದೆಗಳ ಮೇಲೆ ಕೈತುಂಬ ಕೆಲಸ. ವಾರದೊಳಗೆ ಮುಗಿಯುವ ತರಬೇತಿ ಎಂದು ಓದಿದ ಕೂಡಲೇ ಅವನಿಗೆ ದೇವರೇ ಕಣ್ಣು ಬಿಟ್ಟಂತಾಯಿತು. ಇಷ್ಟು ಚಿಕ್ಕ ಕೆಲಸವನ್ನು ಅರ್ಧಕ್ಕೆ ಬಿಡಬೇಕೆಂದರೂ ಪುರುಸೊತ್ತು ಸಿಗುವುದಿಲ್ಲ.

ಸೇರಿದ ದಿನವೇ ಲಿಂಗಸುಗೂರಿಗೆ ಫೋನ್ ಮಾಡಿದ. ಎತ್ತಿದ್ದು ಹೆಂಡತಿಯಲ್ಲ, ಮಾವ ಬಸವಂತರಾಯರು. ಬಸವಂತರಾಯರದು ಬಜಾರಿನಲ್ಲಿ ಅರಿವೆ ಅಂಗಡಿ, ಹಣೆ ತುಂಬ ವಿಭೂತಿ, ಮೇಲಾಗಿ 'ಪಾನಮುಕ್ತ ಲಿಂಗಸುಗೂರು ಸಮಿತಿ'ಯ ಅಧ್ಯಕ್ಷತೆ. ಅವರ ಧ್ವನಿ ಕೇಳಿದರೆ ವೀರೇಂದ್ರನ ಗಂಟಲಿನ ಪಸೆ ಆರುತ್ತಿತ್ತು.

"ಏನು ಮಾಡಾಕತ್ತಿ ಈಗ?"

"ಟ್ರೇನಿಂಗಿಗೆ ಸೇರೀನ್ರಿ ಮಾವಾರ. ಡ್ರೋ..." ಎಂದ. ಮುಂದಿನದು ಗಂಟಲಲ್ಲೇ ಉಳಿಯಿತು. ಉಗುಳು ನುಂಗಿ ಮತ್ತೆ ಬಾಯಿ ತೆರೆದಾಗ ಹೊರಬಿದ್ದದ್ದು ಬಾಲ ಮಾತ್ರ: "ಪೈಲಟ್ರಿ."

ಬಸವಂತರಾಯರು, ಮದುವೆಯಾದಾಗಿನಿಂದ ಅಳಿಯನಿಗೆ ಒಮ್ಮೆಯೂ ಅನ್ನದ ಮಾತು ಅಂದರು.

"ಭೇಷ್!"

ಈ ಭೇಷ್ ಕೇಳಿದ ಮೇಲೆ ಯಾವ ಅಳಿಯ ತಾನೇ "ಅಲ್ಲರಿ, ಗದ್ದೆಗೆ ಔಷಧಿ ಹೊಡೆಯೋ ಮಷೀನಿನ ಪೈಲಟ್" ಎಂದು ತಿದ್ದುತ್ತಾನೆ? ವೀರೇಂದ್ರ ತಿದ್ದಲಿಲ್ಲ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಎಲ್ಲ ಬಿಡಿಸಿ ಹೇಳಿದರಾಯಿತು ಎಂದುಕೊಂಡ.

ಲಿಂಗಸುಗೂರಿನ ಬಜಾರು ಅಷ್ಟು ದಿನ ಕಾಯುವ ಬಜಾರಲ್ಲ. ಆಕಾಶದಲ್ಲಿ ವಿಮಾನ ಹೋದರೆ ಬಸವಂತರಾಯರು ಗಜಕಡ್ಡಿ ಕೆಳಗಿಟ್ಟು ಅಂಗಡಿಯ ಹೊರಗೆ ಬಂದು ನಿಲ್ಲತೊಡಗಿದರು. "ನಮ್ಮ ಅಳಿಯ ಇನ್ನ ಸ್ವಲ್ಪ ದಿನಕ್ಕ ಅಲ್ಲಿರ್ತಾನ" ಎಂದು ಗಿರಾಕಿಗಳಿಗೆ ಬೆರಳು ಮಾಡಿ ತೋರಿಸಿದರು. ಯಾರೋ ಒಬ್ಬ, "ಸಿಂಧನೂರಾಗ ವಿಮಾನ ಎಲ್ಲಿ ಬಂತ್ರಿ?" ಎಂದು ಕೇಳಿದ್ದಕ್ಕೆ, "ಭತ್ತದ ಗದ್ದಿ ಸಪಾಟ ಇರ್ತಾವ. ಕಲ್ಯಾವರಿಗೆ ಇಳ್ಸಾಕ ಚಲೋ" ಎಂದು ಬಾಯಿ ಮುಚ್ಚಿಸಿದರು.

ಸುದ್ದಿ ಮಸ್ಕಿಗೂ ಬಂತು. ರಾಜಾಬೀ ಗೇಟು ತೆಗೆದು ಒಳಗೆ ಬಂದು, ಬಟ್ಟೆಬರೆ ಒಯ್ಯಲು ಮನೆಗೆ ಬಂದಿದ್ದ ವೀರೇಂದ್ರನ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದಳು.

"ಅರೇ ಬೇಟಾ, ಹಜ್‌ಗೆ ನಾ ನಿನ್ನ ಗಾಡ್ಯಾಗ ಬರ್ತೀನಿ. ಮುಂದ ಕುಂದರಸ್ಬೇಕು ನೋಡು. ಹಿಂದ ಕುಂತ್ರ ನನಗ ಹೊಟ್ಟಿ ತೊಳಸ್ತೈತಿ."

"ಹೂಂ ರಾಜಾಬೀ" ಎಂದ ವೀರೇಂದ್ರ. ಎದುರಿಗೆ ನಿಂತವರಿಗೆ ಇಲ್ಲ ಅನ್ನುವುದೂ ಅವನು ಅರ್ಧಕ್ಕೆ ಬಿಟ್ಟ ವಿದ್ಯೆಗಳಲ್ಲೊಂದು.

ಇತ್ತ ಸಿಂಧನೂರು ಹತ್ತಿರದ ಗೊರೇಬಾಳದ ಬಯಲಿನಲ್ಲಿ ತರಬೇತಿ ನಡೆದಿತ್ತು. ಕಲಿಸುವವಳು ಶಾಜಿಯಾ ಮೇಡಂ, ಸಿಂಧನೂರಿನವಳೇ. ಕೊರಳಲ್ಲಿ ಸೀಟಿ, ತಲೆಗೆ ಟೊಪ್ಪಿಗೆ, ಎಂಥವರನ್ನೂ ಪಾಸು ಮಾಡಿಸಿಯೇ ತೀರುತ್ತೇನೆಂಬ ಹಟ. ವೀರೇಂದ್ರ ಬರುವ ತನಕ ಆ ಹಟಕ್ಕೆ ಭಂಗ ಬಂದಿರಲಿಲ್ಲ.

ಡ್ರೋನ್ ನಮ್ಮಿಂದ ದೂರ ಹೋಗುವಾಗ ಎಲ್ಲ ಸಸೂತ್ರ. ಎಡಕ್ಕೆ ಒತ್ತಿದರೆ ಎಡಕ್ಕೆ, ಬಲಕ್ಕೆ ಒತ್ತಿದರೆ ಬಲಕ್ಕೆ. ಆದರೆ ಅದು ತಿರುಗಿ ನಮ್ಮ ಕಡೆಗೆ ಮುಖ ಮಾಡಿ ಬರುವಾಗ ನಮ್ಮ ಎಡ ಅದರ ಬಲವಾಗುತ್ತದೆ. ವೀರೇಂದ್ರನಿಗೆ ಇದು ತಲೆಗೆ ಹೋಗಲಿಲ್ಲ. ಒಂದು ದಿನ ಡ್ರೋನ್ ಹುಲ್ಲಿನ ಬಣವೆಗೆ ನುಗ್ಗಿತು. ಮರುದಿನ ಬೆಳ್ಳಕ್ಕಿಗಳ ಹಿಂಡಿನ ಬೆನ್ನು ಹತ್ತಿತು. ಮೂರನೆಯ ದಿನ ಮೇಡಂ ಕಡೆಗೇ ಬಂತು. ಆಕೆ ಸೀಟಿ ಊದುತ್ತಲೇ ಗದ್ದೆಯ ಕೆಸರಿನಲ್ಲಿ ಬೋರಲು ಮಲಗಿದಳು. ಎದ್ದು, ಮುಖದ ಕೆಸರು ಒರೆಸಿಕೊಂಡು, ಶಾಂತವಾಗಿಯೇ ಕೇಳಿದಳು.

"ವೀರೇಂದ್ರ ಅವರ, ಖರೇ ಹೇಳ್ರಿ. ನಿಮಗ ನನ್ನ ಮ್ಯಾಲ ಏನರ ಸಿಟ್ಟೈತೇನು?"

"ಅಯ್ಯ, ಇಲ್ಲರಿ ಮೇಡಂ! ಎಡಾ ಯಾವುದು ಬಲಾ ಯಾವುದು ಅಂತ ನೋಡೂದ್ರಾಗ ಅದು ಬಂದ ಬಿಡ್ತದರಿ."

"ಕನ್ನಡಿ ಮುಂದ ನಿಂತು ದಾಡಿ ಮಾಡ್ಕೋತೀರಲ್ಲ, ಹಂಗ ತಿಳ್ಕೋರಿ. ಅದು ಡ್ರೋನ್ ಅಲ್ಲ, ನಿಮ್ಮ ಮಾರಿ."

ಆ ಮಾತು ಹೇಗೋ ನಾಟಿತು. ವೀರೇಂದ್ರ ಸಿಂಧನೂರಿನಲ್ಲಿ ಹಿಡಿದಿದ್ದ ಲಾಡ್ಜಿನ ಕೋಣೆಯಲ್ಲಿ ಹೊತ್ತು ಗೊತ್ತಿಲ್ಲದೆ ಕನ್ನಡಿ ಮುಂದೆ ನಿಂತು, ಬರಿಗೈಯಲ್ಲಿ ರಿಮೋಟು ಹಿಡಿದವನಂತೆ ಎರಡೂ ಹೆಬ್ಬೆರಳು ಆಡಿಸಿದ. ಉಣ್ಣುವಾಗ, ಬಸ್ಸಿಗೆ ನಿಂತಾಗ, ನಿದ್ದೆಯಲ್ಲಿ ಕೂಡ ಹೆಬ್ಬೆರಳು ಅಲ್ಲಾಡುತ್ತಿದ್ದವು. ಕೊನೆಗೊಂದು ದಿನ ಬಳಗಾನೂರಿನ ಲಾಲಪ್ಪನವರ ಗದ್ದೆಯಲ್ಲಿ, ಊರವರ ಎದುರಿಗೆ, ಡ್ರೋನ್ ಹೊಟ್ಟೆ ತುಂಬ ಔಷಧಿ ಹೊತ್ತು ಏರಿ, ಬದುವಿನಿಂದ ಬದುವಿಗೆ ನೇರ ಹೋಗಿ, ನೇರ ಬಂದು, ಬಿಟ್ಟ ಜಾಗದಲ್ಲೇ ಇಳಿಯಿತು. ಜನ ಚಪ್ಪಾಳೆ ಹೊಡೆದರು. ಶಾಜಿಯಾ ಮೇಡಂ ಕಣ್ಣಲ್ಲಿ ನೀರು ಬಂತು. ಉಳಿದದ್ದು ಕೊನೆಯ ಪರೀಕ್ಷೆ ಒಂದೇ.

ಇಲ್ಲಿ ನಮ್ಮ ಕಡೆಯ ಒಂದು ಮಾತನ್ನು ತಿಳಿಸಬೇಕು. ನಮ್ಮಲ್ಲಿ ಬೆಳೆಯ ಹುಳಕ್ಕೆ ಹಾಕುವ ಔಷಧಿಗೆ ಎಣ್ಣಿ ಅನ್ನುತ್ತಾರೆ. ಮನುಷ್ಯರು ಕುಡಿಯುವ ಸರಾಯಿಗೂ ಎಣ್ಣಿ ಅನ್ನುತ್ತಾರೆ. ಎರಡನ್ನೂ 'ಹೊಡೆಯುತ್ತಾರೆ'. ಗದ್ದೆಯವರ ಬಾಯಲ್ಲಿ ಎಣ್ಣಿ ಹೊಡೆಯುವುದೆಂದರೆ ಮೊದಲನೆಯದು, ಬಜಾರಿನವರ ಕಿವಿಯಲ್ಲಿ ಎರಡನೆಯದು. ಲಾಲಪ್ಪ ಬ್ಯಾಂಕಿನ ನೌಕರಿಯಲ್ಲಿದ್ದರೂ ಮನಸ್ಸೆಲ್ಲ ತಮ್ಮ ಭತ್ತದ ಮೇಲೆ ಇದ್ದವರು. ಮಗಳು ದೀಪಾಳ ಮದುವೆಯ ಜವಳಿಗೆಂದು ಅವರು ಲಿಂಗಸುಗೂರಿಗೆ ಬಂದು ಬಸವಂತರಾಯರ ಅಂಗಡಿಯನ್ನೇ ಹೊಕ್ಕರು.

"ರಾಯರ, ನಿಮ್ಮ ಅಳಿಯಾರನ್ನ ನಮ್ಮೂರಾಗ ನೋಡಿದೆ. ಏನು ಎಣ್ಣಿ ಹೊಡಿತಾರ್ರೀ ಮಾರಾಯ!"

ಅರಿವೆ ಅಳೆಯುತ್ತಿದ್ದ ಗಜಕಡ್ಡಿ ಅಲ್ಲೇ ನಿಂತಿತು.

"ಯಾರು? ನಮ್ಮ ವೀರೇಂದ್ರ?"

"ಹೌದ್ರಿ. ಮೊದಮೊದಲು ಅತ್ತಾಗ ಇತ್ತಾಗ ವಾಲಾಡ್ತಿತ್ತಂತ, ಬಣವಿಗೆ ಹೋಗಿ ಡಿಕ್ಕಿ ಹೊಡೀತಂತ. ಈಗ ಪಳಗ್ಯಾರ. ಎಷ್ಟು ಹೊಡದ್ರೂ ಸೀದಾ ಹೋಗಿ ಸೀದಾ ಬರತೈತಿ."

"ಮಂದಿ ಮುಂದ ಹೊಡಿತಾನ?"

"ಮುಂದಂದ್ರ? ಚಪ್ಪಾಳಿ ಬಿದ್ವರಿ! ಎಲ್ಲಾ ಆ ಮೇಡಂ ಪುಣ್ಯಾ. ದಿನಾ ಬಾಜೂಕ ನಿಂತು ಕಲಿಸ್ಯಾಳ."

"ಮೇಡಂ!" ಎಂದರು ಬಸವಂತರಾಯರು. ಅಂಗಡಿಯಲ್ಲಿದ್ದ ಹೆಣ್ಣುಮಗಳೊಬ್ಬಳು ತನ್ನ ಕೂಸಿನ ಕಿವಿ ಮುಚ್ಚಿದಳು.

"ಇನ್ನ ಮ್ಯಾಲ ನಾ ಎಣ್ಣಿ ಹೊಡಸಿದ್ರ ಅವರ ಕಡಿಂದಾನ ಹೊಡಸೂದ್ರಿ. ನಿಮ್ಮ ಮನಿತನಕ್ಕ ಭಾರಿ ಹೆಸರು ತರ್ತಾರ ನೋಡ್ರಿ" ಎಂದು ಲಾಲಪ್ಪ ಮನಸಾರೆ ಹೊಗಳಿ, ಐದು ಸೀರೆ ಆರಿಸಿಕೊಂಡು ಹೋದರು. ಬಸವಂತರಾಯರು ದುಡ್ಡು ತೆಗೆದುಕೊಳ್ಳುವುದನ್ನೂ ಮರೆತು ಫೋನ್ ಎತ್ತಿದರು.

"ಯಪ್ಪಾ, ನೀ ಸಿಂಧನೂರಾಗ ಎಣ್ಣಿ ಹೊಡ್ಯಾಕತ್ತೀ ಅಂತ ಖರೇನು?"

ಸಿಕ್ಕಿಬಿದ್ದೆ ಎಂದುಕೊಂಡ ವೀರೇಂದ್ರ. ವಿಮಾನದ ಪೈಲಟ್ ಅಲ್ಲ, ಗದ್ದೆಗೆ ಔಷಧಿ ಹೊಡೆಯುವವನು ಎಂಬುದು ಮಾವನಿಗೆ ಗೊತ್ತಾಗಿಹೋಗಿದೆ. ಇನ್ನು ಮುಚ್ಚಿಟ್ಟು ಫಲವಿಲ್ಲ.

"ತಪ್ಪಾತ್ರಿ ಮಾವಾರ. ಮೊದಲ ದಿನಾನ ಹೇಳ್ಬೇಕಾಗಿತ್ತು. ನಾಚಿಕಿ ಬಂತು."

"ಎಷ್ಟು ಹೊಡಿತಿ?"

"ಒಂದ ಸಲಕ್ಕ ಹತ್ತು ಲೀಟರ್ರಿ."

ಬಸವಂತರಾಯರು ಗಲ್ಲಾಪೆಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹತ್ತು ಲೀಟರ್? ಎಷ್ಟು ದಿನಕ್ಕ?"

"ದಿನಕ್ಕಲ್ರಿ, ಎಂಟು ನಿಮಿಷಕ್ಕ ಖಾಲಿ ಆಕ್ಕತಿ. ಕೈ ಕುಂತಂಗ ಇನ್ನೂ ಲಗೂನ ಆಕ್ಕತಿ ಅಂತಾರ."

"ನೀರರ ಬೆರಸ್ತಿಯೋ ಇಲ್ಲೋ?"

"ಬೆರಸಲೇಬೇಕ್ರಿ. ಹಂಗ ಹೊಡದ್ರ ಸುಟ್ಟು ಹೊಕ್ಕತಿ."

"ಬಿಟ್ಟುಬಿಡೋ ಯಪ್ಪಾ! ಕೈ ಮುಗೀತೀನಿ, ಬಿಟ್ಟುಬಿಡು!"

ವೀರೇಂದ್ರನಿಗೆ ಎಲ್ಲಿಲ್ಲದ ಧೈರ್ಯ ಬಂತು. ಜೀವಮಾನದಲ್ಲಿ ಎಲ್ಲವನ್ನೂ ಬಿಟ್ಟವನು ಈ ಒಂದು ಮಾತಿಗೆ ಮಾತ್ರ ಸೆಟೆದು ನಿಂತ. "ಇಲ್ಲರಿ ಮಾವಾರ. ಬೇಕಾದ್ದಾಗ್ಲಿ, ಇದನ್ನ ಮಾತ್ರ ಬಿಡಂಗಿಲ್ಲ. ಭಾಗ್ಯಶ್ರೀ ಸಲುವಾಗೇ ಶುರು ಮಾಡೀನಿ. ಪರೀಕ್ಷಾ ಮುಗೀತಂದ್ರ ಸರ್ಟಿಫಿಕೇಟ್ ಕೊಡ್ತಾರ."

"ಸರ್ಟಿಫಿಕೇಟ್? ಎಣ್ಣಿ ಹೊಡದಿದ್ದಕ್ಕ? ಯಾರು?"

"ಸರಕಾರದವರ್ರಿ" ಎಂದ ವೀರೇಂದ್ರ, ಹೆಮ್ಮೆಯಿಂದ.

ಫೋನ್ ಕಟ್ಟಾಯಿತು.

ಪರೀಕ್ಷೆಯ ಹಿಂದಿನ ದಿನ ವೀರೇಂದ್ರ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಲಾಡ್ಜಿಗೆ ಬಂದಾಗ ಬಾಗಿಲಲ್ಲಿ ಜೀಪು ನಿಂತಿತ್ತು. ಒಳಗೆ ಬಸವಂತರಾಯರು ಮತ್ತು ಸಮಿತಿಯ ಇಬ್ಬರು ದಾಂಡಿಗರು.

"ಭಾಗ್ಯಶ್ರೀ ಕರ್ಯಾಕತ್ಯಾಳ. ಗಾಡಿ ಹತ್ತು."

ಹೆಂಡತಿ ಕರೆದಳು ಎಂದರೆ ವೀರೇಂದ್ರ ಪ್ರಶ್ನೆ ಕೇಳುವವನಲ್ಲ. ತಲೆ ಬಾಚಿಕೊಂಡು, ಆ ಇಸ್ತ್ರಿ ಅಂಗಿ ತೊಟ್ಟು, ಮುಂಜಾನೆ ಮೊದಲ ಬಸ್ಸಿಗೆ ವಾಪಸು ಬಂದರಾಯಿತು ಎಂದು ಲೆಕ್ಕ ಹಾಕಿ ಹತ್ತಿದ. ದಾಂಡಿಗರು ಅವನ ಎಡಕ್ಕೊಬ್ಬ ಬಲಕ್ಕೊಬ್ಬ ಕೂತರು. ದಾರಿಯುದ್ದಕ್ಕೂ ಅವನ ಹೆಬ್ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ಇಬ್ಬರೂ ಅದನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಾಪ ಎಂಬಂತೆ ತಲೆ ಅಲ್ಲಾಡಿಸಿದರು.

ಜೀಪು ನಿಂತದ್ದು ಮಾವನ ಮನೆಯ ಮುಂದೆ ಅಲ್ಲ, ಲಿಂಗಸುಗೂರಿನ ಒಂದು ಕಲ್ಯಾಣಮಂಟಪದ ಮುಂದೆ. ಬಾಗಿಲಿಗೆ ಬಟ್ಟೆಯ ಬ್ಯಾನರು: 'ಮದ್ಯವರ್ಜನ ಶಿಬಿರ. ವ್ಯಸನಿಗಳಿಗೆ ಆದರದ ಸ್ವಾಗತ.' ವೀರೇಂದ್ರ ಅದನ್ನು ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಫೋನಿನಲ್ಲಾದ ಮಾತೆಲ್ಲ ಒಂದೊಂದಾಗಿ ನೆನಪಿಗೆ ಬಂತು.

"ಮಾವಾರ! ಅದು ಕುಡಿಯೋ ಎಣ್ಣಿ ಅಲ್ರಿ! ಔಷಧಿ ರೀ ಅದು, ಔಷಧಿ!"

"ಬಂದವರೆಲ್ಲಾ ಮೊದಲನೇ ದಿನ ಔಷಧಿ ಅಂತಾನ ಅಂತಾರ" ಎಂದರು ಬಸವಂತರಾಯರು, ಕಣ್ಣೊರೆಸಿಕೊಳ್ಳುತ್ತ. ದಾಂಡಿಗರು ಅವನ ಮೊಬೈಲು ಇಸಿದುಕೊಂಡರು.

ಶಿಬಿರದ ಅಧಿಕಾರಿ ಮೈಸೂರು ಕಡೆಯವರು. ಬಹಳ ಸಂಭಾವಿತ ಮನುಷ್ಯ. ವೀರೇಂದ್ರನನ್ನು ಕೂಡಿಸಿ, ನೀರು ಕೊಟ್ಟು, ತಗ್ಗಿದ ದನಿಯಲ್ಲಿ ವಿಚಾರಿಸಿದರು.

"ಹೆದರಬೇಡಿ. ಇಲ್ಲಿ ಎಲ್ಲರೂ ನಿಮ್ಮವರೇ. ಯಾವಾಗ ತಗೋತೀರಿ?"

"ನಾ ತಗೊಳ್ಳಂಗಿಲ್ರಿ ಸರ್! ನಾ ಬೆಳಿಗೆ ಹೊಡ್ಯಾವ!"

"ಬೆಳಿಗ್ಗೆನೇನಾ!" ಎಂದು ಅಧಿಕಾರಿಗಳು ಬೆಚ್ಚಿದರು.

"ಅಯ್ಯ, ಬೆಳಿಗ್ಗೆ ಅಲ್ರಿ, ಬೆಳಿಗೆ! ಬೆಳಿ, ಬೆಳಿ! ನಾ ಮ್ಯಾಲ ಹಾರಸ್ತೀನ್ರಿ, ಅದು ಕೆಳಗ ಹೊಡಿತೈತಿ!"

"ಗೊತ್ತು, ಗೊತ್ತು. ಆ ಹೊತ್ತಿನಲ್ಲಿ ಹಾರಿದ ಹಾಗೇ ಅನ್ನಿಸುತ್ತೆ. ಕೈ ಯಾವಾಗಿನಿಂದ ನಡುಗ್ತಿದೆ?"

ವೀರೇಂದ್ರ ತನ್ನ ಕೈ ನೋಡಿಕೊಂಡ. ಹೆಬ್ಬೆರಳೆರಡೂ ತಮ್ಮಷ್ಟಕ್ಕೆ ತಾವು ಡ್ರೋನನ್ನು ಎಡಕ್ಕೆ ತಿರುಗಿಸುತ್ತಿದ್ದವು. ಅವನು ಎರಡೂ ಕೈಗಳನ್ನು ಬಗಲಲ್ಲಿ ಅಡಗಿಸಿಕೊಂಡು ಅಳತೊಡಗಿದ. ಅಧಿಕಾರಿಗಳು ಬೆನ್ನು ಸವರಿ, ಅಳುವುದು ಬಹಳ ಒಳ್ಳೆಯ ಲಕ್ಷಣ ಎಂದರು.

ಮರುದಿನ ಗೊರೇಬಾಳದಲ್ಲಿ ಅವನ ಹೆಸರು ಕೂಗುವ ಹೊತ್ತಿಗೆ ವೀರೇಂದ್ರ ಕಲ್ಯಾಣಮಂಟಪದಲ್ಲಿ ಕೂತು, ಕುಡಿತದಿಂದ ಹಾಳಾದ ಲಿವರಿನ ಬಣ್ಣದ ಚಿತ್ರ ನೋಡುತ್ತಿದ್ದ. ಕಿಟಕಿಯಾಚೆ ಗಾಳಿ ಇಲ್ಲದ, ಮೋಡ ಇಲ್ಲದ ಆಕಾಶ. ಹಾರಿಸಲು ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. ಹಿಡಿದ ಕೆಲಸ ಮುಗಿಸುವ ಹೊಸ್ತಿಲಿಗೆ ಜೀವನದಲ್ಲಿ ಮೊದಲ ಸಲ ಬಂದಿದ್ದ, ಅಲ್ಲಿಂದಲೇ ರಟ್ಟೆ ಹಿಡಿದು ಎಳೆದೊಯ್ದಂತಾಗಿತ್ತು. ಇನ್ನು ಭಾಗ್ಯಶ್ರೀ ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಆ ದಿನ ಅವನು ಊಟ ಮುಟ್ಟಲಿಲ್ಲ. ಎಣ್ಣಿ ಬಿಟ್ಟವರಿಗೆ ಹೀಗೆ ಹಸಿವು ಸಾಯುವುದುಂಟೆಂದು ಅಧಿಕಾರಿಗಳು ಎಲ್ಲರಿಗೂ ವಿವರಿಸಿದರು.

ಅವನ ಪಾಲಿನ ಸಾರನ್ನವನ್ನು ಪಕ್ಕದ ಚಾಪೆಯ ಗುರುಬಸವ ಉಂಡ. ಗುರುಬಸವ ಅಸಲಿ ಕುಡುಕ. ಇಂಥ ಶಿಬಿರಗಳನ್ನು ಬಹಳ ಕಂಡವನು, ಊಟ ಚಲೋ ಇರುತ್ತದೆ ಎಂದು ತಾನಾಗೇ ಬಂದು ಸೇರುವವನು. ಉಂಡ ಋಣಕ್ಕೆ ಅವನು ಒಂದು ಬುದ್ಧಿಮಾತು ಹೇಳಿದ.

"ಸುಮ್ಕ ಒಪ್ಪಗೊಳ್ಳಲೇ. ಒಪ್ಪಗೊಂಡವರ ಹೆಂಡರನ್ನ ಸಮಾರೋಪಕ್ಕ ಕರಸಿ, ಮಾಲಿ ಹಾಕಿಸಿ, ಜೋಡೀಲೆ ಮನೀಗೆ ಕಳಸ್ತಾರ."

"ಒಪ್ಪಲಿಲ್ಲಂದ್ರ?"

"ಮುಂದಿನ ಊರಿನ ಶಿಬಿರಕ್ಕ ಒಯ್ತಾರ. ಅಲ್ಲೂ ಒಪ್ಪಲಿಲ್ಲಂದ್ರ ಅದರ ಮುಂದಿನದಕ್ಕ. ನಿಮ್ಮ ಮಾವ ಬಿಡೋ ಪೈಕಿ ಅಲ್ಲ."

ವೀರೇಂದ್ರ ಬಹಳ ವಿಚಾರ ಮಾಡಲಿಲ್ಲ. ಜೋಡೀಲೆ ಮನೀಗೆ ಎಂಬ ಎರಡು ಮಾತು ಬಿಟ್ಟರೆ ಉಳಿದದ್ದು ಅವನ ಕಿವಿಗೆ ಬಿದ್ದಿರಲಿಲ್ಲ. ಮರುದಿನ ಅಧಿಕಾರಿಗಳ ಹತ್ತಿರ ಹೋಗಿ, ಒಪ್ಪಿ ಬಂದ.

ಸಮಾರೋಪಕ್ಕೆ ಮಂಟಪ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಬಸವಂತರಾಯರು. ಮುಂದಿನ ಸಾಲಿನಲ್ಲಿ, ಕಾಲ ಬಳಿ ಒಂದು ದೊಡ್ಡ ಚೀಲ ಇಟ್ಟುಕೊಂಡು, ಭಾಗ್ಯಶ್ರೀ. ಮೈಕು ವೀರೇಂದ್ರನ ಕೈಗೆ ಬಂತು. ಸುಳ್ಳು ಹೇಳಿ ಅವನಿಗೆ ರೂಢಿಯಿಲ್ಲ. ಹಾಗಾಗಿ ಇದ್ದದ್ದನ್ನೇ ಹೇಳಿದ.

"ಎಣ್ಣಿ ಹೊಡದೀನ್ರಿ. ಗೊರೇಬಾಳದಾಗ ಹೊಡದೆ. ಬಳಗಾನೂರಾಗ ಹೊಡದೆ. ಕಾಲುವಿ ದಂಡಿಗುಂಟ ಹೊಡಕೋಂತ ಹೋದೆ. ಒಂದು ಕ್ಯಾನ್ ಮುಗದ ಕೂಡ್ಲೇ ಇನ್ನೊಂದು ಕ್ಯಾನ್ ತರ್ರಿ ಅಂತಿದ್ದೆ."

ಸಭೆಯಲ್ಲಿ ನಿಟ್ಟುಸಿರು ಎದ್ದಿತು. "ಕ್ಯಾನೇನು!" ಎಂದು ಯಾರೋ ಉದ್ಗರಿಸಿದರು.

"ನಾ ಹೊಡದ ಎಣ್ಣಿಗೆ ಎಷ್ಟು ಜೀವ ಹೋದ್ವೋ ಲೆಕ್ಕಿಲ್ಲರಿ. ಸಣ್ಣ ಸಣ್ಣ ಜೀವ. ಹೊಡದು ಹೊಳ್ಳಿ ನೋಡಿದ್ರ ಸಾಲಿಗೆ ಸಾಲ ಸತ್ತು ಬಿದ್ದಿರ್ತಿದ್ವು."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಬಸವಂತರಾಯರು ಕುರ್ಚಿಯಲ್ಲೇ ಕುಗ್ಗಿದರು. ಹಿಂದೆ ನಿಂತಿದ್ದ ಗುರುಬಸವ ಅಂಗಿ ಜಗ್ಗಿ, "ಅಷ್ಟೂ ಹೇಳಬ್ಯಾಡಲೇ, ಪೊಲೀಸರು ಬರ್ತಾರ!" ಎಂದು ಪಿಸುಗುಟ್ಟಿದ. ಆಮೇಲೆ ಅಧಿಕಾರಿಗಳು ಪ್ರತಿಜ್ಞೆ ಬೋಧಿಸಿದರು. ಇನ್ನು ಮುಂದೆ ಎಣ್ಣಿ ಹೊಡೆಯುವುದಿಲ್ಲ ಎಂದು ವೀರೇಂದ್ರ ತುಂಬಿದ ಸಭೆಯಲ್ಲಿ ಮೂರು ಸಲ ಹೇಳಿದ. ಪ್ರತಿ ಸಲವೂ ಲಾಲಪ್ಪನವರ ಹಸಿರು ಗದ್ದೆ ಕಣ್ಣಿಗೆ ಕಟ್ಟಿತು. ಕೊರಳಿಗೆ ಮಾಲೆ ಬಿತ್ತು.

ಸಭೆ ಮುಗಿದು ಜನ ಏಳತೊಡಗಿದಾಗ ಅವನು ಮಾಲೆ ಸಮೇತ ಓಡಿ ಹೆಂಡತಿಯ ಹತ್ತಿರ ಹೋದ. "ನಡಿ, ಮನೀಗೆ ಹೋಗೂಣು."

ಭಾಗ್ಯಶ್ರೀ ಏಳಲಿಲ್ಲ.

"ಸೋಡಾ ಕುಡ್ಯಾಕ ಬರಂಗಿಲ್ಲ ನಿನಗ. ನೀ ಎಣ್ಣಿ ಹೊಡ್ಯಾವೇನು?"

"ಅಂದ್ರ ನಿನಗ ಗೊತ್ತಿತ್ತು! ನಿಮ್ಮಪ್ಪಗ ಹೇಳಬೇಕಿಲ್ಲೋ?"

"ಕಂಠ ಹರಕೊಂಡು ಹೇಳೀನಿ. ಹೆಂಡ್ತಿ ಆದಾಕಿ ಗಂಡನ್ನ ಮುಚ್ಚಿಡತಾಳ, ಅದೂ ಒಂದು ಲಕ್ಷಣ ಅಂದ್ರು. ನೀ ಯಾಕ ಒಪ್ಪಗೊಂಡಿ?"

"ಒಪ್ಪಗೊಂಡ್ರ ನೀ ಬರ್ತಿ ಅಂದ್ರು."

ಅವಳು ಚೀಲದ ಮೇಲೆ ಕೈಯಿಟ್ಟು ಅಂದಳು, "ಒಪ್ಪಗೊಳ್ಳದಿದ್ರ ಬರಬೇಕು ಅಂತ ಅರಿವಿ ಕಟ್ಕೊಂಡು ಬಂದಿದ್ನೆಪ್ಪಾ. ಪರೀಕ್ಷಾ ಹ್ವಾದ್ರ ಹೋಗ್ಲಿ ಅಂದ್ಕೊಂಡಿದ್ದೆ. ಇವತ್ತರ ನಮ್ಮಪ್ಪನ ಮುಂದ ನಿಂತು, ಇಲ್ಲ, ನಾ ಅಂಥಾವಲ್ಲ ಅಂತ ಒಂದು ಮಾತು ಅಂತಿ ಅಂತ ದಾರಿ ನೋಡಿದೆ. ನೀ ಅದನ್ನೂ ಅನ್ನಲಿಲ್ಲ."

ವೀರೇಂದ್ರ ಅಲ್ಲೇ ನಿಂತ. ಸುತ್ತ ಹುಡುಗರು ಕುರ್ಚಿ ಮಡಚುತ್ತಿದ್ದರು. ಒಮ್ಮೆಲೇ ಅವನು ತಿರುಗಿ, ಮಾಲೆ ಕಿತ್ತು ಎಸೆದು, ವೇದಿಕೆ ಹತ್ತಿ, ಇನ್ನೂ ಆರಿಸಿರದ ಮೈಕು ಹಿಡಿದು, ಮಂಟಪ ನಡುಗುವಂತೆ ಕೂಗಿದ.

"ಇಲ್ಲ! ನಾ ಎಣ್ಣಿ ಕುಡಿಯಾವಲ್ಲ! ಇಲ್ಲೀತನಾ ಒಂದು ತೊಟ್ಟೂ ಕುಡದಿಲ್ಲ! ಮಾವಾರ, ಕೇಳಾಕತ್ತೀರೇನು? ನಾ ಕುಡುಕ ಅಲ್ಲ! ಮತ್ತ ಎಣ್ಣಿ ಹೊಡ್ಯಾದು ಬಿಡಂಗಿಲ್ಲ! ನಾಳಿಂದಾನ ಹೊಡಿತೀನಿ!"

ಬಾಗಿಲ ತನಕ ಹೋಗಿದ್ದ ಜನ ಅಲ್ಲೇ ನಿಂತು ಹೊರಳಿ ನೋಡಿದರು. ಜೀವನದಲ್ಲಿ ಮೊದಲ ಸಲ ವೀರೇಂದ್ರ ಮಾವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದ, ಅದೂ ಪೂರ್ತಿ ಮುಗಿಸಿದ್ದ. ಬಸವಂತರಾಯರು ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡರು.

"ಪ್ರತಿಜ್ಞಾ ಮಾಡಿ ಅರ್ಧ ತಾಸಾಗಿಲ್ಲ, ಮತ್ತ ಶುರು ಆತಲ್ಲೋ ಶಿವನ! ಹಿಡೀರಿ, ಹಿಡೀರಿ ಅವನ್ನ! ಮುಂದಿನ ಶಿಬಿರ ಎಲ್ಲಿ ಐತಿ?"

"ಮಸ್ಕಿಯಲ್ಲಿ ಸಾರ್, ನಾಳೆಯಿಂದಲೇ" ಎಂದರು ಅಧಿಕಾರಿಗಳು. ದಾಂಡಿಗರು ವೇದಿಕೆ ಹತ್ತಿದರು. ಅಷ್ಟರಲ್ಲಿ ವೀರೇಂದ್ರನಿಗೆ ಮರಳಿ ಕೊಟ್ಟಿದ್ದ ಮೊಬೈಲು ಬಡಿದುಕೊಂಡಿತು. ಶಾಜಿಯಾ ಮೇಡಂ. "ನಾಳಿ ಇನ್ನೊಂದು ಬ್ಯಾಚಿನ ಪರೀಕ್ಷಾ ಐತಿ, ನಿಮ್ಮನ್ನ ಸೇರಸ್ಕೋತೀನಿ, ಬರ್ತೀರಲ್ಲ?" ಎಂದು ಆಕೆ ಕೇಳುತ್ತಿರುವಾಗಲೇ ದಾಂಡಿಗನೊಬ್ಬ ಅದನ್ನು ಕಸಿದು, "ಇವರಿಗೆ ಇನ್ನ ಮ್ಯಾಲ ಫೋನ್ ಮಾಡಬ್ಯಾಡ್ರಿ ತಾಯಿ, ಮನಿ ಹಾಳ ಆಗೈತಿ" ಎಂದು ಕಟ್ಟು ಮಾಡಿದ.

ಜೀಪಿನ ಹಿಂದಿನ ಸೀಟಿನಲ್ಲಿ ವೀರೇಂದ್ರನನ್ನು ನಡುವೆ ಹಾಕಿಕೊಂಡು ಕೂತರು. ಹೊರಡುವ ಹೊತ್ತಿಗೆ ಭಾಗ್ಯಶ್ರೀ ಬಂದು, ಚೀಲವನ್ನು ಒಳಗೆ ಎಸೆದು, ಡ್ರೈವರನ ಬಾಜು ಹತ್ತಿ ಕೂತಳು.

"ನೀ ಎಲ್ಲಿಗಬೇ?" ಎಂದರು ಬಸವಂತರಾಯರು ದಿಗಿಲುಬಿದ್ದು.

"ಮಸ್ಕಿಗೆ. ನಮ್ಮ ಮನೀಗೆ. ಶಿಬಿರಕ್ಕ ಬುತ್ತಿ ಕಳಸಾವರು ಯಾರದಾರ ಇವರಿಗೆ?"

ಮಸ್ಕಿಯಲ್ಲಿ ಜೀಪು ಮೊದಲು ಅವಳನ್ನು ಮನೆಯ ಮುಂದೆ ಇಳಿಸಿತು. ರಾಜಾಬೀ ಓಡಿ ಬಂದು ಚೀಲ ಇಸಿದುಕೊಂಡು, ಜೀಪಿನೊಳಗೆ ಇಣುಕಿ, "ಬೇಟಾ, ವಿಮಾನ ಎಲ್ಲಿ?" ಎಂದು ಕೇಳಿದಳು. ಭಾಗ್ಯಶ್ರೀ ಕಿಟಕಿಯ ಹತ್ತಿರ ಬಂದು ಗಂಡನ ಮುಖ ನೋಡಿದಳು. ಅವಳ ಕಣ್ಣು ತುಂಬಿದ್ದವು, ಧ್ವನಿ ಮಾತ್ರ ಎಂದಿನದೇ.

"ಈ ಸಲ ಯಾರೇನಂದ್ರೂ ಒಪ್ಪಗೋಬ್ಯಾಡ. ಒಪ್ಪಗೊಂಡೀ ಅಂದ್ರ ನಾ ಹೊಳ್ಳಿ ಲಿಂಗಸುಗೂರಿಗೆ ಹೋಗ್ತೀನಿ, ನೋಡು ಮತ್ತ."

ವೀರೇಂದ್ರ ತಲೆಯಾಡಿಸಿದ. ಜೀಪು ಎರಡು ಓಣಿ ದಾಟಿ ಸಮುದಾಯ ಭವನದ ಮುಂದೆ ನಿಂತಿತು. ದಾಂಡಿಗರು ರಟ್ಟೆ ಹಿಡಿದು ಇಳಿಸಿದರು. ಬಾಗಿಲಲ್ಲಿ, ತಮ್ಮ ಗಾಡಿಯಲ್ಲಿ ಮುಂಚೆಯೇ ಬಂದಿದ್ದ ಮೈಸೂರಿನ ಅಧಿಕಾರಿಗಳು ಬ್ಯಾನರು ಕಟ್ಟಿಸುತ್ತಿದ್ದರು. ವೀರೇಂದ್ರ ಅವರ ಹತ್ತಿರ ಹೋಗಿ ಕೈ ಕಟ್ಟಿಕೊಂಡು ನಿಂತು, ತಗ್ಗಿದ ದನಿಯಲ್ಲಿ ಕೇಳಿದ.

"ಸರ್, ಮಸ್ಕಿ ಆದ ಮ್ಯಾಲ ಮುಂದಿನ ಶಿಬಿರಾ ಯಾವೂರಾಗರಿ?"

"ಪಾಮನಕಲ್ಲೂರು. ಯಾಕೆ?"

"ಏನಿಲ್ರಿ. ಅಲ್ಲಿಗೆ ಬುತ್ತಿ ಕಳಸಾಕ ಬಸ್ಸದಾವೋ ಇಲ್ಲೋ, ಮನ್ಯಾಕಿ ಕೇಳ್ತಾಳ."